ಮರಗಳ ನಡುವಿನ ಡಿಸ್ಕ್ ಗಾಲ್ಫ್‌ಗೆ ಯಾವ ಡಿಸ್ಕ್: ಪಟ್ಟರ್, ಮಿಡ್‌ರೇಂಜ್, ಇಲ್ಲವೇ ಡ್ರೈವರ್?

ಮೂರು ಡಿಸ್ಕ್‌ಗಳ ಸೆಟ್ ತಗೊಳ್ಳೋದಾ, ಎಲ್ಲರೂ ಹೊಗಳುವ ಡ್ರೈವರ್ ಒಂದನ್ನೇ ತಗೊಳ್ಳೋದಾ, ಅಥವಾ ಪಟ್ಟರ್ ಒಂದರಲ್ಲೇ ನಿಭಾಯಿಸಬಹುದಾ? ಡಿಸ್ಕ್ ಗಾಲ್ಫ್‌ಗೆ ಹೊಸದಾಗಿ ಇಳಿದವರು ಕೇಳುವುದು ಹೆಚ್ಚುಕಡಿಮೆ ಇಷ್ಟೇ. ತಟ್ಟೆಯಂಥ ಡಿಸ್ಕನ್ನು ಸರಪಳಿ ಇಳಿಬಿಟ್ಟ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಹಾಕುವ ಆಟ ಇದು. ಪಟ್ಟರ್ ನಿಧಾನದ ಡಿಸ್ಕ್, ಡ್ರೈವರ್ ವೇಗದ್ದು, ಮಿಡ್‌ರೇಂಜ್ ಅವೆರಡರ ನಡುವಿನದು. ಉತ್ತರ ಮಾತ್ರ ನೀವು ಆಡುವ ಜಾಗ ನೋಡಿ ಬದಲಾಗುತ್ತದೆ. ಬಯಲಿನ ಕೋರ್ಸಿಗೂ ಸಾರ್ವಜನಿಕ ಪಾರ್ಕಿನ ಮರಗಳ ನಡುವೆ ಹಾಕಿದ ಕೋರ್ಸಿಗೂ ನಿಯಮ ಒಂದೇ ಇದ್ದರೂ ಆಟವೇ ಬೇರೆ. ಬಯಲಿನಲ್ಲಿ ಹತ್ತು ಮೀಟರ್ ಅಡ್ಡ ಹೋದ ಡಿಸ್ಕ್ ಹುಲ್ಲಿನ ಮೇಲೇ ಬಿದ್ದಿರುತ್ತದೆ, ಅಲ್ಲಿಂದ ಬುಟ್ಟಿಯೂ ಕಾಣುತ್ತದೆ. ಮರಗಳ ನಡುವೆ ಅಷ್ಟೇ ಅಡ್ಡ ಹೋದರೆ ನಿಮಗೂ ಬುಟ್ಟಿಗೂ ನಡುವೆ ಸಾಲು ಕಾಂಡಗಳು, ಸಾಲದ್ದಕ್ಕೆ ಒಂದು ಮುಳ್ಳುಪೊದೆ. ಅಂಥ ಕೋರ್ಸಿನಲ್ಲಿ ಆಡುವವರಿಗಾಗಿ ಈ ಹೋಲಿಕೆ.

ನನ್ನ ಒಲವು ಎತ್ತ ಎಂದು ಮೊದಲೇ ಹೇಳಿಬಿಡುತ್ತೇನೆ: ನಿಧಾನದ ಡಿಸ್ಕ್‌ಗಳ ಕಡೆಗೆ. ಆದರೆ ಎಲ್ಲರ ಕೈಯೂ ಒಂದೇ ತರಹ ಇರುವುದಿಲ್ಲ, ಎಲ್ಲ ಹೋಲ್‌ಗಳೂ (ಮೊದಲ ಎಸೆತದ ಜಾಗದಿಂದ ಬುಟ್ಟಿಯವರೆಗಿನ ಒಂದೊಂದು ಹಾದಿ) ಒಂದೇ ತರಹ ಇರುವುದಿಲ್ಲ. ಆದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಆಟಕ್ಕೆ ಯಾವುದು ಹೊಂದುತ್ತದೋ ನೀವೇ ನೋಡಿಕೊಳ್ಳಿ.

ಏನನ್ನು ನೋಡಿ ಆರಿಸಬೇಕು

ದೂರದ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಮರಗಳ ಕೋರ್ಸಿನಲ್ಲಿ ಸ್ಕೋರ್ ಕೆಡುವುದು ಹೆಚ್ಚಾಗಿ ಅಡ್ಡ ಹೋದ ಎಸೆತದಿಂದ. ಒಂದು ಲೆಕ್ಕ ಹಾಕೋಣ. ಟೀಯಿಂದ, ಅಂದರೆ ಮೊದಲ ಎಸೆತದ ಜಾಗದಿಂದ, 20 ಮೀಟರ್ ಮುಂದೆ ಎರಡು ಮರಗಳ ನಡುವೆ 3 ಮೀಟರ್ ಅಗಲದ ಸಂದಿ ಇದೆ ಅನ್ನಿ. ನಟ್ಟನಡುವಿಗೆ ಗುರಿಯಿಟ್ಟರೂ ಎಡಕ್ಕೆ ನಾಲ್ಕು ಡಿಗ್ರಿ, ಬಲಕ್ಕೆ ನಾಲ್ಕು ಡಿಗ್ರಿ, ಅಷ್ಟೇ ನಿಮಗೆ ಸಿಗುವ ರಿಯಾಯಿತಿ. ಡಿಸ್ಕ್ ಕೈಬಿಡುವುದು ಕಣ್ಣಿಗೆ ಕಾಣದಷ್ಟು ತಡವಾದರೂ ಅದು ಖರ್ಚಾಗಿಹೋಗುತ್ತದೆ. ಸಂದಿ ದಾಟಿದ ಮೇಲೂ ಓರೆ ಬೆಳೆಯುತ್ತಲೇ ಇರುತ್ತದೆ. ಐದು ಡಿಗ್ರಿ ತಪ್ಪಿದ ಎಸೆತ 60 ಮೀಟರ್‌ಗೆ ಹೋದಾಗ ಸುಮಾರು 5 ಮೀಟರ್ ಆಚೆ ಇರುತ್ತದೆ, 100 ಮೀಟರ್‌ಗೆ ಹೋದಾಗ 9 ಮೀಟರ್‌ಗೆ ಸಮೀಪ. ಅಂದರೆ ದೂರ ಹೋಗುವ ಡಿಸ್ಕ್, ದಾರಿ ತಪ್ಪಿದಾಗ ಪೊದೆಯೊಳಕ್ಕೂ ದೂರವೇ ಹೋಗುತ್ತದೆ.

ಇದನ್ನಿಟ್ಟುಕೊಂಡು ಪ್ರತಿ ಡಿಸ್ಕಿಗೂ ನಾನು ಕೇಳುವ ಪ್ರಶ್ನೆಗಳು ಇವು. ನನ್ನ ಕೈಯ ವೇಗಕ್ಕೆ ಅದು ನೇರ ಹೋಗುತ್ತದಾ? ನೆಲ ಮುಟ್ಟಿದ ಮೇಲೆ ಅಲ್ಲೇ ಕೂರುತ್ತದಾ, ಜಾರಿಕೊಂಡು ಹೋಗುತ್ತದಾ? ಮರಕ್ಕೆ ಬಡಿದು ಬಡಿದು ಎಷ್ಟು ಕಾಲ ಬಾಳುತ್ತದೆ? ಕಳೆದುಹೋದರೆ ಎಷ್ಟು ಹೊಟ್ಟೆ ಉರಿಯುತ್ತದೆ? ಕೊನೆಯದು ಪಾರ್ಕಿಗೇ ಸಂಬಂಧಿಸಿದ್ದು: ಅದೇ ಹಾದಿಯಲ್ಲಿ ನಡೆಯುವವರು, ನಾಯಿ ಕರೆತಂದವರು, ಮಕ್ಕಳು ಇರುತ್ತಾರೆ. ತಿರುವಿನಾಚೆ ಯಾರಿಗಾದರೂ ತಗುಲಿದರೆ ಎಷ್ಟು ಪೆಟ್ಟಾಗುತ್ತದೆ ಎನ್ನುವುದೂ ಡಿಸ್ಕ್ ಆರಿಸುವಾಗ ಲೆಕ್ಕಕ್ಕೆ ಬರಬೇಕು.

ಕಳೆದುಹೋಗುವುದಕ್ಕೆ ದಂಡವೂ ಇದೆ. 1976ರಲ್ಲಿ ಶುರುವಾದ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್ (ಪಿಡಿಜಿಎ) ನಿಯಮದಂತೆ ಹುಡುಕಲು ಮೂರು ನಿಮಿಷ. ಸಿಗದಿದ್ದರೆ ಒಂದು ಪೆನಾಲ್ಟಿ (ಸ್ಕೋರಿಗೆ ಒಂದು ಎಸೆತ ಹೆಚ್ಚುವರಿ), ಮತ್ತೆ ಹಿಂದಿನ ಜಾಗದಿಂದಲೇ ಎಸೆಯಬೇಕು. ಕೊಂಬೆಗೆ ಸಿಕ್ಕಿಹಾಕಿಕೊಂಡದ್ದು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಪರವಾಗಿಲ್ಲ. ಎರಡು ಮೀಟರ್‌ಗಿಂತ ಮೇಲಿದ್ದರೆ ಪೆನಾಲ್ಟಿ ಎಂದು ಮೊದಲೇ ಸಾರಿರದಿದ್ದರೆ, ಅದರ ನೇರ ಕೆಳಗಿನಿಂದ ಪೆನಾಲ್ಟಿ ಇಲ್ಲದೆ ಆಡಬಹುದು. ಡಿಸ್ಕನ್ನು ಕೆಳಗಿಳಿಸುವುದು ಆಮೇಲಿನ ಪಾಡು.

ಆ ನಾಲ್ಕು ಅಂಕಿಗಳು

ಬಹಳಷ್ಟು ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಗ್ಲೈಡ್ ಎಂದರೆ ಗಾಳಿಯಲ್ಲಿ ಎಷ್ಟು ತೇಲುತ್ತದೆ ಎನ್ನುವುದು. ಬಲಗೈಯವರು ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಗೆ ಅಡ್ಡಲಾಗಿ ಒಯ್ದು ಹೊರಕ್ಕೆ ಬೀಸುವ ಎಸೆತ) ಎಸೆದರೆ ಡಿಸ್ಕ್ ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ವೇಗ ಜೋರಿದ್ದಾಗ ಬಲಕ್ಕೆ ಎಷ್ಟು ವಾಲುತ್ತದೆ ಎಂದು ಟರ್ನ್ ಹೇಳುತ್ತದೆ (ಮೈನಸ್ ಹೆಚ್ಚಿದಷ್ಟೂ ವಾಲುವುದು ಹೆಚ್ಚು). ವೇಗ ಕುಗ್ಗಿದ ಮೇಲೆ ಎಡಕ್ಕೆ ಎಷ್ಟು ಎಳೆಯುತ್ತದೆ ಎನ್ನುವುದು ಫೇಡ್. ಎಡಗೈಯವರು ಎಲ್ಲವನ್ನೂ ತಿರುಗಾಮುರುಗಾ ಮಾಡಿ ಓದಿಕೊಳ್ಳಬೇಕು.

ಸ್ಪೀಡ್ ಅಂಕಿಯಲ್ಲೇ ಜನ ಎಡವುವುದು. ಸ್ಪೀಡ್ 12 ಎಂದಿದ್ದರೆ ಆ ಡಿಸ್ಕ್ ನಿಮಗೆ ವೇಗ ಕೊಡುತ್ತದೆ ಎಂದು ಓದಿಕೊಳ್ಳುತ್ತಾರೆ. ಅದು ನಿಮ್ಮಿಂದ ಅಷ್ಟು ವೇಗ ಕೇಳುತ್ತಿದೆ. ಕೊಡಲಾಗದಿದ್ದರೆ ಬರೆದ ಟರ್ನ್ ಕಾಣಿಸುವುದೇ ಇಲ್ಲ, ಫೇಡ್ ಮಾತ್ರ ಬೇಗನೇ ಶುರುವಾಗಿ ಡಿಸ್ಕ್ ಎಡಕ್ಕೆ ಕವುಚಿಕೊಳ್ಳುತ್ತದೆ.

ಪಟ್ಟರ್

ಇನ್ನೋವಾ ಕಂಪನಿಯ ಏವಿಯಾರ್ ಎಷ್ಟೋ ಮಂದಿಯ ಚೀಲದಲ್ಲಿರುವ ಪಟ್ಟರ್. ಅದರ ಅಂಕಿಗಳು 2, 3, 0, 1. ಟರ್ನ್ ಸೊನ್ನೆ, ಫೇಡ್ ಒಂದೇ ಒಂದು. ಹೊಸಬರ ಕೈಯಲ್ಲೂ ಹೇಳಿದ ಮಾತು ಕೇಳುವ ಡಿಸ್ಕ್ ಇದು. ಅಂಚು ದಪ್ಪ, ಮೊಂಡು. ಬೆರಳು ಹಿಡಿಯುವ ಆ ಅಂಚಿನ ಅಗಲ ಪಟ್ಟರ್‌ನಲ್ಲಿ ಒಂದು ಸೆಂ.ಮೀ. ಆಸುಪಾಸು, ದೂರದ ಡ್ರೈವರ್‌ನಲ್ಲಿ ಎರಡು ಸೆಂ.ಮೀ. ದಾಟುತ್ತದೆ. ಕೈ ಚಿಕ್ಕದಿರುವವರಿಗೆ ಈ ವ್ಯತ್ಯಾಸ ಮೊದಲ ಹಿಡಿತದಲ್ಲೇ ಗೊತ್ತಾಗಿಬಿಡುತ್ತದೆ.

ಬುಟ್ಟಿಗೆ ಹಾಕುವುದಕ್ಕಷ್ಟೇ ಪಟ್ಟರ್ ಎಂಬ ನಂಬಿಕೆ ಹೇಗೋ ಬೇರೂರಿದೆ. ಟೀಯಿಂದಲೂ ಅದನ್ನೇ ಎಸೆಯಬಹುದು. 60 ಮೀಟರ್ ಒಳಗಿನ ಹೋಲ್ ಆದರೆ ನಾನು ಬೇರೆಯದನ್ನು ಚೀಲದಿಂದ ತೆಗೆಯಲೂ ಹೇಳುವುದಿಲ್ಲ. ಮರಕ್ಕೆ ಬಡಿದರೂ ಬಹಳ ದೂರ ಚಿಮ್ಮದೆ ಬುಡದ ಹತ್ತಿರವೇ ಬೀಳುವುದು ಇದರ ಇನ್ನೊಂದು ಒಳ್ಳೆಯ ಗುಣ, ಅಷ್ಟು ನಿಧಾನ ಅದರ ಹಾರಾಟ. ಚಪ್ಪಟೆಯಾಗಿ ಇಳಿದರೆ ಒಣಎಲೆಗಳ ಮೇಲೆ ತುಸು ಸರಿದು ನಿಂತುಬಿಡುತ್ತದೆ. ಯಾರಿಗಾದರೂ ತಗುಲಿದರೆ ನೋವಾಗುವುದು ಖಂಡಿತ, ಆದರೆ ಡ್ರೈವರ್‌ನ ಚೂಪು ಅಂಚಿನ ಪೆಟ್ಟಿನಷ್ಟಲ್ಲ.

ಕೊರತೆ ಏನೆಂದರೆ, ಜೋರಾಗಿ ಎಸೆದಷ್ಟೂ ಡಿಸ್ಕಿನ ಸಣ್ಣ ಓಲಾಟವೂ ದೊಡ್ಡದಾಗಿ ಕಾಣುತ್ತದೆ. ಮಣಿಕಟ್ಟು ಒಂದಿಷ್ಟು ಹೊರಳಿದರೂ ಬಲಕ್ಕೆ ತಿರುಗಿ ಹಿಂದಿರುಗುವುದೇ ಇಲ್ಲ. ಕೈ ಪಳಗಬೇಕೆನ್ನುವವರಿಗೆ ಇದು ವರ, ತಪ್ಪು ಎಲ್ಲಾಯಿತೆಂದು ತಕ್ಷಣ ತೋರಿಸಿಕೊಡುತ್ತದೆ. ಸ್ನೇಹಿತರ ಜೊತೆ ಬೆಳಗ್ಗೆ ಹೊತ್ತು ಕಳೆಯಲು ಬಂದವರಿಗೆ ಕೆಲವೊಮ್ಮೆ ಕಿರಿಕಿರಿ. ಇನ್ನು 90 ಮೀಟರ್‌ಗೆ ಮೇಲ್ಪಟ್ಟ ಹೋಲ್‌ಗಳಲ್ಲಿ ಒಂದು ಎಸೆತ ಹೆಚ್ಚು ಬೇಕಾದೀತು ಎಂದು ಒಪ್ಪಿಕೊಂಡೇ ಆಡಬೇಕು.

ಪಟ್ಟರ್‌ನಲ್ಲೇ ಆಡುವುದು ಬಡತನದ ಆಟ ಎನ್ನುವವರಿಗೆ ಒಂದು ಹಳೆಯ ಕಥೆ. ಈ ಆಟದ ಪ್ರವರ್ತಕ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಕಾಯಂ ಕೋರ್ಸ್ ಹಾಕಿದ್ದು 1975ರಲ್ಲಿ. ಅಂಚನ್ನು ಇಳಿಜಾರು ಮಾಡಿ ಗಾಳಿ ಸೀಳುವಂತೆ ರೂಪಿಸಿದ ಮೊದಲ ಗಾಲ್ಫ್ ಡಿಸ್ಕ್, ಇನ್ನೋವಾದ ಈಗಲ್, ಬಂದದ್ದು 1983ರಲ್ಲಿ. ನಡುವಿನ ಅಷ್ಟೂ ವರ್ಷ ಜನ ಮೊಂಡು ಅಂಚಿನ ತಟ್ಟೆಗಳಲ್ಲೇ ಆಡಿ, ಗೆದ್ದು, ಸೋತು ಸುಖವಾಗಿದ್ದರು.

ಮಿಡ್‌ರೇಂಜ್

ಒಂದೇ ಒಂದು ಡಿಸ್ಕ್ ಕೊಳ್ಳುತ್ತೇನೆ, ಎರಡನೆಯದರ ಮಾತೇ ಬೇಡ ಎನ್ನುವವರಿಗೆ ನನ್ನ ಉತ್ತರ ಮಿಡ್‌ರೇಂಜ್. ಡಿಸ್ಕ್‌ಕ್ರಾಫ್ಟ್ ಕಂಪನಿಯ ಬಝ್ ಎಂಬ ಮಿಡ್‌ರೇಂಜ್‌ನ ಅಂಕಿಗಳು 5, 4, -1, 1. ಸ್ವಲ್ಪ ಬಲಕ್ಕೆ, ಕೊನೆಗೆ ಅಷ್ಟೇ ಎಡಕ್ಕೆ, ಒಟ್ಟಿನಲ್ಲಿ ನೇರ. ಪಟ್ಟರ್‌ಗಿಂತ ಹತ್ತು ಹದಿನೈದು ಮೀಟರ್ ಮುಂದೆ ಹೋಗುತ್ತದೆ, ಜೋರು ಕೈಯನ್ನೂ ತಡೆದುಕೊಳ್ಳುತ್ತದೆ.

ಮರಗಳ ಕೋರ್ಸಿನಲ್ಲಿ ಮಿಡ್‌ರೇಂಜ್ ನಿಜಕ್ಕೂ ಮೆರೆಯುವುದು ಹಾದಿ ಒಂದಿಷ್ಟು ಬಾಗಿರುವ ಕಡೆ. ಅದನ್ನು ಬಿಡುವಾಗ ಹೊರ ಅಂಚನ್ನು ಕೆಳಗೆ ವಾಲಿಸಿದರೆ (ಹೈಜರ್) ಎಡಕ್ಕೆ ಬಾಗುತ್ತದೆ, ಮೇಲಕ್ಕೆತ್ತಿದರೆ (ಆನ್‌ಹೈಜರ್) ಬಲಕ್ಕೆ. ಕೊಟ್ಟ ಕೋನವನ್ನು ಬಹುಪಾಲು ಹಾಗೇ ಉಳಿಸಿಕೊಂಡು ಹೋಗುತ್ತದೆ. ಡ್ರೈವರ್ ತನ್ನ ಹಟವೇ ಸಾಧಿಸುವಂಥದ್ದು, ಮಿಡ್‌ರೇಂಜ್‌ಗೆ ಅಷ್ಟು ಹಟವಿಲ್ಲ. ಎಡ ತಿರುವಿಗೊಂದು ಬಲ ತಿರುವಿಗೊಂದು ಎಂದು ಬೇರೆ ಬೇರೆ ಡಿಸ್ಕ್ ಹೊರುವ ಬದಲು ಒಂದರಲ್ಲೇ ಮೂರು ಹಾದಿ ಕಲಿಯಬಹುದು.

ಬುಟ್ಟಿಗೆ ಹಾಕಲೂ ನಡೆಯುತ್ತದೆ, ಆದರೆ ಅಲ್ಲಿ ಪಟ್ಟರ್‌ನ ಹಿಡಿತವೇ ಮೇಲು. ಮಿಡ್‌ರೇಂಜ್ ಸರಪಳಿಗೆ ತಾಗಿ ಜಾರಿ ಹೊರಬಂದಾಗ ಬುಟ್ಟಿ ದಾಟಿ ಇನ್ನಷ್ಟು ಮುಂದೆ ಹೋಗಿ ಕೂರುತ್ತದೆ. ಬುಟ್ಟಿಯ ಹಿಂದೆ ಇಳಿಜಾರಿದ್ದರಂತೂ ಮತ್ತೊಂದು ದೂರದ ಪಟ್ (ಬುಟ್ಟಿಗೆ ಹಾಕುವ ಎಸೆತ) ತಪ್ಪಿದ್ದಲ್ಲ.

ಫೇರ್‌ವೇ ಡ್ರೈವರ್

ಡ್ರೈವರ್‌ಗಳಲ್ಲಿ ತುಸು ನಿಧಾನದ ಗುಂಪು ಇದು. ಇಲ್ಲಿ ತಕ್ಕಡಿ ನಿಜಕ್ಕೂ ತೂಗಾಡುತ್ತದೆ. ಇನ್ನೋವಾದ ಲೆಪರ್ಡ್ (6, 5, -2, 1) ಮತ್ತು ಟೀಬರ್ಡ್ (7, 5, 0, 2) ಎರಡೂ ಇದೇ ಗುಂಪಿನವು, ಸ್ವಭಾವ ಮಾತ್ರ ತದ್ವಿರುದ್ಧ. ಕೈಯಲ್ಲಿ ವೇಗ ಕಡಿಮೆ ಇರುವವರಿಗೆ ಲೆಪರ್ಡ್ ನೇರಕ್ಕೆ ಹತ್ತಿರ ಹೋಗುತ್ತದೆ, ವೇಗ ಹೆಚ್ಚಿದ್ದವರಿಗೆ ಬಲಕ್ಕೆ ಹೊರಳುತ್ತದೆ. ಟೀಬರ್ಡ್ ಪಳಗಿದ ಕೈಗೆ ಹಗ್ಗ ಹಿಡಿದಂತೆ ನೇರ ಹೋಗಿ ಕೊನೆಯಲ್ಲಿ ಎಡಕ್ಕೆ ಇಳಿಯುತ್ತದೆ. ಹೊಸಬರ ಕೈಯಲ್ಲಿ ಅರ್ಧ ದಾರಿಯಲ್ಲೇ ಎಡಕ್ಕೆ ಎಳೆಯುತ್ತದೆ.

ಹಾದಿ ಅಗಲವಿದ್ದು ಹೋಲ್ 80 ಮೀಟರ್ ದಾಟಿದ್ದರೆ ಫೇರ್‌ವೇ ಡ್ರೈವರ್‌ಗೆ ಬೆಲೆ ಇದೆ. ಕೊಳ್ಳುವ ಮುಂಚೆ ನಿಮ್ಮ ಕೋರ್ಸಿನಲ್ಲಿ ಅಂಥ ಹೋಲ್ ಎಷ್ಟಿವೆ ಎಂದು ಎಣಿಸಿ. ಹದಿನೆಂಟರಲ್ಲಿ ಎರಡೋ ಮೂರೋ ಆದರೆ ಆತುರ ಬೇಡ. ಇನ್ನೊಂದು ಪರೀಕ್ಷೆ: ಮಿಡ್‌ರೇಂಜ್‌ನಲ್ಲಿ ಎಸೆದದ್ದಕ್ಕಿಂತ ಡ್ರೈವರ್‌ನಲ್ಲಿ ಎಸೆದದ್ದು ನಿಮಗೆ ಎದ್ದು ಕಾಣುವಷ್ಟು ಮುಂದೆ ಬೀಳುತ್ತಿಲ್ಲವಾದರೆ, ಆ ಡಿಸ್ಕ್ ಕೇಳುವ ವೇಗ ಕೈಗೆ ಇನ್ನೂ ಬಂದಿಲ್ಲ. ಯಾರ ಹತ್ತಿರವಾದರೂ ಇಸಕೊಂಡು ಎಸೆದು ನೋಡಿದರೆ ಐದು ನಿಮಿಷದಲ್ಲಿ ತೀರ್ಮಾನವಾಗುವ ವಿಷಯ ಇದು.

ಡಿಸ್ಟೆನ್ಸ್ ಡ್ರೈವರ್

ಅತಿ ವೇಗದ ಈ ಗುಂಪಿನ ಡೆಸ್ಟ್ರಾಯರ್ (12, 5, -1, 3) ಬಯಲಿನಲ್ಲಿ ಕಣ್ಣಿಗೆ ಹಬ್ಬ. ಹೊಸಬರು ಅದನ್ನು ಮರಗಳ ನಡುವೆ ಎಸೆಯುವುದು ಇಕ್ಕಟ್ಟಾದ ಓಣಿಯಲ್ಲಿ ಲಾರಿ ತಿರುಗಿಸಿದ ಹಾಗೆ. ಅದರ ಪೂರ್ತಿ ಹಾರಾಟ ಬಲಕ್ಕೆ ಹೋಗಿ ಎಡಕ್ಕೆ ಬರುವ ದೊಡ್ಡ ಎಸ್ ಆಕಾರ, ಅಷ್ಟು ಅಗಲದ ಹಾದಿ ಪಾರ್ಕಿನಲ್ಲಿ ಅಪರೂಪ. ನೆಲಕ್ಕೆ ಬಿದ್ದ ಮೇಲೂ ಎಡಕ್ಕೆ ಜಾರುತ್ತದೆ. ಕಾಂಡಕ್ಕೆ ಬಡಿದರೆ ಎತ್ತ ಚಿಮ್ಮಿತೆಂದು ಹುಡುಕುವುದೇ ಒಂದು ಕೆಲಸ. ಪಳಗಿದ ಆಟಗಾರರು ಕಾಡಿನ ಕೋರ್ಸಿನಲ್ಲೂ ಎಸೆಯುತ್ತಾರಲ್ಲ ಎಂದರೆ, ಹೌದು, ಅವರ ಕೈಗೆ ಆ ವೇಗವೂ ಇದೆ, ಬೇಕಾದ ಕೋನದಲ್ಲಿ ಬಿಡುವ ಹದವೂ ಇದೆ. ಉಳಿದವರು ಈ ಹಣವನ್ನು ಇನ್ನೊಂದು ಪಟ್ಟರ್‌ಗೆ ಹಾಕುವುದೇ ಲೇಸು.

ಸೆಟ್ ಕೊಳ್ಳುವುದಾ?

ಪಟ್ಟರ್, ಮಿಡ್‌ರೇಂಜ್, ಡ್ರೈವರ್ ಮೂರೂ ಇರುವ ಸ್ಟಾರ್ಟರ್ ಸೆಟ್ ಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ ಬೀಳುತ್ತದೆ. ಮನೆಮಂದಿಯೆಲ್ಲ ಹಂಚಿಕೊಂಡು ಆಡುವುದಾದರೆ ಕಣ್ಣುಮುಚ್ಚಿ ತಗೊಳ್ಳಿ. ಒಳಗಿರುವ ಡ್ರೈವರ್‌ನ ಸ್ಪೀಡ್ ಅಂಕಿ ನೋಡಿ, 6 ಅಥವಾ 7 ಇದ್ದರೆ ಸರಿ, 9 ದಾಟಿದ್ದರೆ ಆ ಸೆಟ್ ಮಾಡಿದವರು ಮರಗಳನ್ನು ಮನಸ್ಸಿನಲ್ಲಿಟ್ಟುಕೊಂಡಿಲ್ಲ.

ಪಾರಾಗಲು ಒಂದು

ಎಷ್ಟೇ ಜೋಪಾನ ಮಾಡಿದರೂ ಪೊದೆಯೊಳಗೆ ಹೋಗುವ ದಿನ ಬರುತ್ತದೆ. ಅಲ್ಲಿ ಪೂರ್ತಿ ಕೈ ಬೀಸಲು ಜಾಗವಿರುವುದಿಲ್ಲ. ಕೊಂಬೆ ಮುರಿದು ಜಾಗ ಮಾಡಿಕೊಳ್ಳುವಂತೆಯೂ ಇಲ್ಲ. ಗಿಡಮರ ಆದಷ್ಟು ಕಡಿಮೆ ಅಲುಗುವ ಹಾಗೆ ನಿಲ್ಲಬೇಕೆಂದು ನಿಯಮವೇ ಇದೆ. ಕಾಲಿಡುವ ಜಾಗದಲ್ಲಿ ಬಿದ್ದಿರುವ ಒಣಎಲೆ, ಕಡ್ಡಿ, ಕಲ್ಲು ಬೇಕಾದರೆ ಸರಿಸಿಕೊಳ್ಳಬಹುದು.

ಮೊಣಕಾಲೂರಿ, ಪಕ್ಕಕ್ಕೆ ಚಾಚಿ, ಬರೀ ಮಣಿಕಟ್ಟಿನ ಬಲದಲ್ಲಿ ಫೋರ್‌ಹ್ಯಾಂಡ್ (ಅಂಗೈ ಮುಂದಾಗಿ ಪಕ್ಕದಿಂದ ಬೀಸುವ ಎಸೆತ) ಎಸೆಯಬೇಕಾದಾಗ ಎಡವಟ್ಟಾಗಿ ಓಲಾಡದ ಡಿಸ್ಕ್ ಬೇಕು, ಅಂದರೆ ಫೇಡ್ ಗಟ್ಟಿ ಇರುವಂಥದ್ದು. ಡಿಸ್ಕ್‌ಕ್ರಾಫ್ಟ್‌ನ ಝೋನ್ (4, 3, 0, 3) ಇದಕ್ಕೆ ಹೇಳಿ ಮಾಡಿಸಿದ್ದು. ಫೈರ್‌ಬರ್ಡ್ (9, 3, 0, 4) ಇನ್ನೂ ಹಟಮಾರಿ, ಸಂದಿಯಲ್ಲಿ ನುಗ್ಗಿ ಮೂಲೆ ತಿರುಗಿ ಹೋಗಬಲ್ಲದು, ಆದರೆ ಬಿದ್ದಲ್ಲಿಂದ ಜಾರುವುದು ಹೆಚ್ಚು. ಬಲಗೈ ಫೋರ್‌ಹ್ಯಾಂಡ್‌ನಲ್ಲಿ ಫೇಡ್ ಬಲಕ್ಕೆ ಬರುವುದರಿಂದ, ಬಲ ತಿರುವಿನ ಹಾದಿಗಳಿಗೂ ಈ ಡಿಸ್ಕ್ ಒದಗುತ್ತದೆ. ಎಸೆತ ಮುಗಿಯುವವರೆಗೂ ಗುರಿಯ ಮೇಲೆ ಕಣ್ಣಿಡಬಹುದಾದ್ದರಿಂದ ಇಕ್ಕಟ್ಟಿನಲ್ಲಿ ಫೋರ್‌ಹ್ಯಾಂಡ್‌ಗೆ ಬೆಲೆ ಹೆಚ್ಚು. ಮೊಣಕೈ ನೋವಿರುವವರು ಮಾತ್ರ ಇದನ್ನೇ ನೆಚ್ಚಿಕೊಳ್ಳಬೇಡಿ.

ಒಂದು ಬುದ್ಧಿಮಾತು ಸೇರಿಸುತ್ತೇನೆ. ಕಾಡಿನೊಳಗಿಂದ ಬುಟ್ಟಿಯ ಕಡೆಗೆ ಕಾಣುವ ಕಿಂಡಿ ಯಾವಾಗಲೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹತ್ತು ಎಸೆತದಲ್ಲಿ ಏಳು ಅದರಲ್ಲಿ ತೂರುತ್ತವೆ ಎಂಬ ಧೈರ್ಯ ಇಲ್ಲದಿದ್ದರೆ ಪಟ್ಟರ್ ತೆಗೆದು ಪಕ್ಕದ ಹಾದಿಗೆ ಎಸೆದುಕೊಳ್ಳಿ.

ಪ್ಲಾಸ್ಟಿಕ್ ಮತ್ತು ತೂಕ

ಒಂದೇ ಅಚ್ಚಿನ ಡಿಸ್ಕ್ ಅಗ್ಗದ ಪ್ಲಾಸ್ಟಿಕ್‌ನಲ್ಲೂ ಸಿಗುತ್ತದೆ, ದುಬಾರಿಯದರಲ್ಲೂ ಸಿಗುತ್ತದೆ. ಇನ್ನೋವಾದಲ್ಲಿ ಡಿಎಕ್ಸ್ ಅಗ್ಗದ್ದು, ಸ್ಟಾರ್ ಮತ್ತು ಚಾಂಪಿಯನ್ ಮೇಲಿನ ದರ್ಜೆಯವು. ಬಯಲಿನಲ್ಲಿ ಈ ವ್ಯತ್ಯಾಸ ಕಾಣಲು ಬಹಳ ದಿನ ಬೇಕು, ಮರಗಳ ನಡುವೆ ಬೇಗ ಕಾಣುತ್ತದೆ. ಡಿಎಕ್ಸ್ ಡಿಸ್ಕ್ ಓಕ್‌ನಂಥ ಗಟ್ಟಿಮರಕ್ಕೆ ನೇರ ಬಡಿದರೆ ಅಂಚಿನಲ್ಲಿ ಉಗುರಿಗೆ ಸಿಗುವಂಥ ತರಚು ಏಳುತ್ತದೆ. ಮುಂದಿನ ಎಸೆತದಲ್ಲಿ ಅದೇ ಬೆರಳಿಗೆ ಗೀರುತ್ತದೆ. ಸಣ್ಣ ಮರಳು ಕಾಗದದಿಂದ ಹದವಾಗಿ ಉಜ್ಜಿ ನುಣುಪು ಮಾಡಬಹುದು, ನಿಯಮ ಇದಕ್ಕೆ ಅಡ್ಡಿಯಿಲ್ಲ. ಪೆಟ್ಟು ತಿನ್ನುತ್ತಾ ಹೋದಂತೆ ಡಿಸ್ಕಿನ ಫೇಡ್ ಕಮ್ಮಿಯಾಗಿ ಬಲಕ್ಕೆ ವಾಲುವುದು ಹೆಚ್ಚಾಗುತ್ತದೆ. ಹಳತಾದ ಮಿಡ್‌ರೇಂಜ್ ಬಲ ತಿರುವಿಗೆ ಸೊಗಸಾಗಿ ಒಗ್ಗುವುದು ಹೀಗೆ.

ಟೀಯಿಂದ ಎಸೆಯುವ ಡಿಸ್ಕಿಗೆ ದುಬಾರಿ ಪ್ಲಾಸ್ಟಿಕ್ ಹಾಕಿ, ಬುಟ್ಟಿಗೆ ಹಾಕುವ ಪಟ್ಟರ್ ಅಗ್ಗದ್ದಿರಲಿ. ಇದು ಕೇವಲ ಉಳಿತಾಯದ ಮಾತಲ್ಲ, ಅಗ್ಗದ ಪ್ಲಾಸ್ಟಿಕ್ ಕೈಗೂ ಸರಪಳಿಗೂ ಚೆನ್ನಾಗಿ ಅಂಟಿಕೊಳ್ಳುತ್ತದೆ. ಕೋರ್ಸಿನ ಪಕ್ಕ ಕೆರೆಯೋ ಹೊಳೆಯೋ ಇದ್ದರೆ ಆ ಹೋಲ್‌ಗೆ ಕಳೆದರೂ ಪರವಾಗಿಲ್ಲ ಅನ್ನುವಂಥದ್ದನ್ನು ಎಸೆಯಿರಿ.

ತೂಕಕ್ಕೆ ಪಿಡಿಜಿಎ ಮಿತಿ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ. 21.2 ಸೆಂ.ಮೀ. ಅಗಲದ ಪಟ್ಟರ್‌ಗೆ ಸುಮಾರು 176 ಗ್ರಾಂ ಆಯಿತು. ಹಗುರ ಡಿಸ್ಕ್, ಅಂದರೆ 150ರ ಆಸುಪಾಸಿನದು, ಮಕ್ಕಳಿಗೆ, ಹಿರಿಯರಿಗೆ, ಭುಜ ನೋವಿನವರಿಗೆ ಸುಲಭ. ಬಯಲಿನಲ್ಲಿ ಗಾಳಿ ಅದನ್ನು ಆಟವಾಡಿಸುತ್ತದೆ, ದಟ್ಟ ಮರಗಳ ಆಸರೆಯಲ್ಲಿ ಆ ಕಾಟ ಕಡಿಮೆ. ಭಾರದ್ದರ ಲಾಭ ಎಲೆ ಸವರಿಕೊಂಡು ಹೋಗುವಾಗ ಕಾಣುತ್ತದೆ, ಹಗುರದ್ದು ದಾರಿ ಬಿಟ್ಟುಕೊಡುವ ಕಡೆ ಅದು ನುಗ್ಗಿ ಹೋಗುತ್ತದೆ. ಪಟ್ಟರ್ ಭಾರದ್ದೇ ಇರಲಿ, ಡ್ರೈವರ್ ಹಗುರ ಇದ್ದರೂ ನಡೆಯುತ್ತದೆ.

ಯಾರಿಗೆ ಯಾವುದು

ಇನ್ನೂ ಆಡಿಯೇ ಇಲ್ಲ, ಇಷ್ಟವಾಗುತ್ತದೋ ಇಲ್ಲವೋ ನೋಡಬೇಕು ಎನ್ನುವವರು ಅಗ್ಗದ ಪ್ಲಾಸ್ಟಿಕ್‌ನ ಮಿಡ್‌ರೇಂಜ್ ಒಂದನ್ನು ಕೊಂಡು ಹೊರಡಿ. ವಾರವಾರ ಆಡುವ ಆಸೆ ಇದ್ದು ಖರ್ಚು ಹಿಡಿತದಲ್ಲಿರಬೇಕಾದರೆ ಅಗ್ಗದ ಪಟ್ಟರ್, ಒಳ್ಳೆಯ ಪ್ಲಾಸ್ಟಿಕ್‌ನ ಮಿಡ್‌ರೇಂಜ್, ಇವೆರಡೇ ಬಹಳ ದಿನಕ್ಕೆ ಸಾಕು. ಈಗಾಗಲೇ ಎರಡರಲ್ಲೂ ಹಾದಿ ಬಿಡದೆ ಎಸೆಯಬಲ್ಲವರು ಮೂರನೆಯದಾಗಿ ಝೋನ್ ತರಹದ್ದನ್ನು ಸೇರಿಸಿಕೊಳ್ಳಿ, ಫೇರ್‌ವೇ ಡ್ರೈವರ್ ಅದರ ನಂತರ. ಬಯಲಿನ ಕೋರ್ಸಿನಲ್ಲಿ ಆಡಿ ಪಳಗಿ ಈಗ ಮರಗಳ ಕಡೆ ಬಂದಿರುವವರ ಚೀಲದಲ್ಲಿ ಎಲ್ಲವೂ ಇರುತ್ತದೆ. ಹೊಸತು ಕೊಳ್ಳಬೇಕಿಲ್ಲ, ವೇಗದವುಗಳನ್ನು ಮನೆಯಲ್ಲಿ ಬಿಟ್ಟುಬನ್ನಿ. ಮಕ್ಕಳೊಂದಿಗೆ ಬರುವವರು ಡ್ರೈವರ್ ತರಲೇಬೇಡಿ, ಅವರ ಕೈಗೆ ಹಗುರದ ಪಟ್ಟರ್ ಕೊಡಿ. ತಿರುವಿನಾಚೆ ಕಾಣದ ಹೋಲ್ ಆದರೆ ಒಬ್ಬರನ್ನು ಮುಂದೆ ಕಳಿಸಿ, ನಡೆಯುವವರು ದಾಟಿದರೆಂದು ಅವರು ಕೈ ಎತ್ತಿದ ಮೇಲೆ ಎಸೆಯಿರಿ.

ಬಣ್ಣದ ವಿಚಾರದಲ್ಲಿ ನಾನು ತುಸು ಹಟ ಮಾಡುತ್ತೇನೆ. ಕೆಂಪು, ಕಿತ್ತಳೆ, ಹಳದಿ ಅಂಗಡಿಯಲ್ಲಿ ಕಣ್ಣಿಗೆ ರಾಚುತ್ತವೆ, ಉದುರಿದ ಎಲೆಗಳ ನಡುವೆ ಮಾಯವಾಗುತ್ತವೆ. ಹಸಿರು ಪೊದೆಯಲ್ಲಿ ಸಿಗುವುದೇ ಇಲ್ಲ. ಗುಲಾಬಿ ಅಥವಾ ತಿಳಿನೀಲಿ ತಗೊಳ್ಳಿ, ಕೆಳಬದಿಯಲ್ಲಿ ಅಳಿಸದ ಶಾಯಿಯಲ್ಲಿ ಹೆಸರು, ಫೋನ್ ನಂಬರ್ ಬರೆದಿಡಿ. ಮೆಚ್ಚಿನ ಪಟ್ಟರ್ ಸಿಕ್ಕಿತೆಂದರೆ ಹೊಸ ಮಾದರಿ ಹುಡುಕುವ ಮೊದಲು ಅದೇ ಅಚ್ಚಿನ, ಅದೇ ತೂಕದ ಇನ್ನೊಂದನ್ನು ಕೊಂಡಿಟ್ಟುಕೊಳ್ಳಿ. ಒಂದು ಕೊಂಬೆಯಲ್ಲಿ ಕೂತರೂ ಇನ್ನೊಂದರಲ್ಲಿ ಆಟ ಮುಂದುವರಿಯುತ್ತದೆ.